ಕೆಳಮೆಟ್ಟಿಲಿನ ಒಬ್ಬರು

ಮಾರ್ಚ್ ೩, ಸೋಮವಾರ

ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಡುತ್ತೇನೆ: ನಾನು ಈ ವಿಡಿಯೊ ಕಂಪನಿಯ ಕೆಲಸಕ್ಕೆ ಸೇರಿದ್ದು ಹೊಟ್ಟೆಪಾಡಿಗಲ್ಲ. ಸರಿ, ಹೊಟ್ಟೆಪಾಡಿಗೂ ಹೌದು. ಆದರೆ ಪಾಠ, ಸುದ್ದಿ, ಹಾಡು, ಭಾಷಣ ಎಲ್ಲವೂ ವಿಡಿಯೊ ಆಗಿ ಹರಿಯುತ್ತಿರುವ ಈ ಕಾಲದಲ್ಲಿ ಆ ಕಾಲುವೆಯ ತೂಬು ಯಾರ ಕೈಯಲ್ಲಿದೆ ಎಂಬುದು ಸಣ್ಣ ಪ್ರಶ್ನೆಯಲ್ಲ. ತೂಬಿನ ಪಕ್ಕದಲ್ಲಿ ಜನರ ಕಡೆಯವರು ಒಬ್ಬರಾದರೂ ಇರಬೇಕು. ಆ ಒಬ್ಬರು ನಾನು.

ಮೂರನೇ ಮಹಡಿ, ಒಂಬತ್ತು ಮೇಜು, ಒಂದು ಗೋಡೆಯ ತುಂಬ ಪರದೆಗಳು. ಪರದೆಗಳಲ್ಲಿ ಹಗಲಿಡೀ ಗೆರೆಗಳು ಏರುತ್ತವೆ, ಇಳಿಯುತ್ತವೆ. ನಮ್ಮ ಮೇಲಧಿಕಾರಿಗೆ ಎಲ್ಲರೂ ಬೆನ್ನ ಹಿಂದೆ ಮೀಟರ್ ಎನ್ನುತ್ತಾರೆ. ಊಟ ಆಯಿತಾ ಸಾರ್ ಎಂದು ಕೇಳಿದರೂ ಒಮ್ಮೆ ಗೋಡೆಯ ಗೆರೆ ನೋಡಿಯೇ ಉತ್ತರ ಹೇಳುವ ಆಸಾಮಿ. ಸೇರಿದ ಮೂರನೇ ದಿನವೇ ನನ್ನ ಬ್ಯಾಗಿನಲ್ಲಿದ್ದ ಚಳವಳಿಯ ಕಿರುಹೊತ್ತಗೆಗಳನ್ನು ಕಂಡು ನನಗೂ ಹೆಸರಿಟ್ಟರು.

“ಕ್ರಾಂತಿ, ಬಾ ಇಲ್ಲಿ. ಓದೋ ಹುಚ್ಚು ಇದೆಯಲ್ಲ ನಿಂಗೆ, ಬರಿಯೋ ಕೆಲಸ ಕೊಡ್ತೀನಿ. ಹೊಸದಾಗಿ ಸೇರೋರಿಗೆ ನಮ್ಮ ಪದಗಳು ತಲೆಗೆ ಹೋಗ್ತಿಲ್ಲ. ಸಣ್ಣದೊಂದು ಕೈಪಿಡಿ ಮಾಡು. ಪದ, ಅರ್ಥ. ಭಾಷಣ ಬೇಡ.”

ಭಾಷಣ ಬೇಡವಂತೆ. ನೋಡೋಣ.

ಮಾರ್ಚ್ ೫, ಬುಧವಾರ

ಕೈಪಿಡಿಯ ಮೊದಲ ಪುಟಗಳು ಕೆಂಪು ಗೀಟು ಹೊತ್ತು ವಾಪಸು ಬಂದವು.

ನಾನು ಬರೆದದ್ದು: “ಬಫರ್: ಮುಂದಿನ ಕೆಲವು ಸೆಕೆಂಡುಗಳ ವಿಡಿಯೊವನ್ನು ಮೊದಲೇ ತಂದು ಕೂಡಿಟ್ಟುಕೊಳ್ಳುವ ಜಾಗ. ಉಳ್ಳವರ ಕಣಜ ಸದಾ ತುಂಬಿರುತ್ತದೆ. ಇಲ್ಲದವರು ಸುತ್ತುವ ಚಕ್ರ ನೋಡುತ್ತ ಕೂರುತ್ತಾರೆ.” ಎರಡನೆಯ ವಾಕ್ಯದಿಂದ ಗೀಟು.

“ಎಡ್ಜ್ ಸರ್ವರ್: ನೋಡುವವರಿಗೆ ಹತ್ತಿರದಲ್ಲಿ ವಿಡಿಯೊದ ನಕಲು ಇಟ್ಟುಕೊಂಡಿರುವ ಯಂತ್ರ. ಕೇಂದ್ರವು ತನ್ನ ನಕಲನ್ನು ಹಂಚುತ್ತದೆಯೇ ಹೊರತು ಅಧಿಕಾರವನ್ನಲ್ಲ.” ಗೀಟು. ಪಕ್ಕದಲ್ಲಿ ಮೀಟರ್ ಕೈಬರಹ: “ಯಂತ್ರಕ್ಕೆ ಅಧಿಕಾರ ಕೊಟ್ಟು ಏನ್ ಮಾಡ್ಬೇಕಮ್ಮ?”

ಆದರೆ ಒಂದು ಪದ ನನಗೆ ನಿಜವಾಗಿ ಹಿಡಿಸಿತು. ಏಣಿ. ಒಂದೇ ವಿಡಿಯೊವನ್ನು ಐದು ದಪ್ಪದಲ್ಲಿ ಸಿದ್ಧಮಾಡಿ ಇಡುತ್ತಾರೆ. ನೆಟ್‌ವರ್ಕ್ ಗಟ್ಟಿಯಿದ್ದವರಿಗೆ ಮೇಲಿನ ಮೆಟ್ಟಿಲು, ಕನ್ನಡಿಯಂಥ ಚಿತ್ರ. ನೆಟ್‌ವರ್ಕ್ ಸೊರಗಿದವರಿಗೆ ಕೆಳಗಿನ ಮೆಟ್ಟಿಲು, ಮಸುಕು ಚಿತ್ರ. ಆದರೆ ನಿಲ್ಲುವುದಿಲ್ಲ. ಫೋನಿನೊಳಗಿನ ಪ್ಲೇಯರ್ ತಾನೇ ಹತ್ತುತ್ತದೆ, ತಾನೇ ಇಳಿಯುತ್ತದೆ. ಐದನೆಯದು ಕೆಳಮೆಟ್ಟಿಲು. ಇದನ್ನು ಕಂಡುಹಿಡಿದವರು ಯಾರೋ ಗೊತ್ತಿಲ್ಲ, ಆದರೆ ಬಡವರನ್ನು ಬಲ್ಲವರು.

ಮಾರ್ಚ್ ೧೦, ಸೋಮವಾರ

ಕೆಳಮೆಟ್ಟಿಲನ್ನು ಮುರಿಯುತ್ತಾರೆ! ಈ ತಿಂಗಳ ಮೂವತ್ತೊಂದಕ್ಕೆ. ಇಂದು ಬೆಳಿಗ್ಗೆ ಮೀಟರ್ ಚಹಾ ಲೋಟ ಹಿಡಿದುಕೊಂಡೇ ಹೇಳಿದರು, ಕುರ್ಚಿಯ ಮುರುಕು ಕಾಲು ಬದಲಿಸುತ್ತೇವೆ ಎಂಬಂತೆ.

“ಯಾರೂ ನೋಡಲ್ಲಮ್ಮ ಅದನ್ನ. ಬೀಟ್ ನೋಡು ಬೇಕಾದ್ರೆ.”

ಬೀಟ್ ಎಂದರೆ: ಪ್ಲೇಯರ್ ಹತ್ತು ಸೆಕೆಂಡಿಗೊಮ್ಮೆ ನಮಗೆ ಕಳಿಸುವ ಸಂದೇಶ. ಇಲ್ಲಿದ್ದೇನೆ, ನೋಡುತ್ತಿದ್ದೇನೆ, ಇಂಥ ಮೆಟ್ಟಿಲಿನಲ್ಲಿದ್ದೇನೆ. ಗೋಡೆಯ ಗೆರೆಗಳೆಲ್ಲ ಹುಟ್ಟುವುದು ಅದರಿಂದ.

ಮಧ್ಯಾಹ್ನ ಊಟ ಬಿಟ್ಟು ಮೂರು ತಿಂಗಳ ಬೀಟ್ ತೆಗೆದು ಸೋಸಿದೆ. ಕೆಳಮೆಟ್ಟಿಲಿಗೆ ಬಂದವರೆಲ್ಲ ಅರೆನಿಮಿಷ ನಿಂತು ಮೇಲಕ್ಕೆ ಹತ್ತಿ ಹೋಗಿದ್ದಾರೆ. ಒಬ್ಬರನ್ನು ಬಿಟ್ಟು.

ಒಬ್ಬರು! ಪ್ರತಿದಿನ ಸಂಜೆ ನಾಲ್ಕಕ್ಕೆ ಸರಿಯಾಗಿ ಬರುತ್ತಾರೆ. ಹೊಲಿಗೆ ಪಾಠದ ಚಾನೆಲ್. ಇಪ್ಪತ್ತು ನಿಮಿಷ. ಒಂದು ದಿನವೂ ತಪ್ಪಿಲ್ಲ, ಭಾನುವಾರವೂ. ನಡುವೆ ಒಮ್ಮೆಯೂ ನಿಲ್ಲಿಸಿಲ್ಲ, ಒಮ್ಮೆಯೂ ಹಿಂದಕ್ಕೆ ತಿರುಗಿಸಿ ನೋಡಿಲ್ಲ. ಎಂಥ ಏಕಾಗ್ರತೆ! ಈ ಕಚೇರಿಯ ಒಂಬತ್ತು ಮೇಜುಗಳಲ್ಲಿ ಯಾರಿಗಿದೆ ಅದು?

ಒಬ್ಬರಿಗಾಗಿ ಏಣಿ ಉಳಿಸಬೇಕೇ ಎಂದು ಕೇಳುತ್ತಾರೆ. ಒಬ್ಬರಿಗಾಗಿಯೇ ಉಳಿಸಬೇಕು. ಹಲವರಿದ್ದರೆ ಅವರನ್ನು ಅವರ ಸಂಖ್ಯೆಯೇ ಕಾಯುತ್ತದೆ.

ಮಾರ್ಚ್ ೧೪, ಶುಕ್ರವಾರ

ನಾಲ್ಕು ಗಂಟೆಗೆ ಈಗ ನಾನೂ ಚಹಾ ತಂದುಕೊಂಡು ಕೂರುತ್ತೇನೆ. ಬೀಟ್ ಬರುತ್ತದೆ. ಹತ್ತು ಸೆಕೆಂಡ್. ಮತ್ತೆ ಬರುತ್ತದೆ. ಇಪ್ಪತ್ತು ನಿಮಿಷ ನಾವಿಬ್ಬರೇ.

ವಯಸ್ಸಾದವರಿರಬೇಕು. ಗಂಡಸೋ ಹೆಂಗಸೋ ತಿಳಿಯದು. ಮೆಲ್ಲಗೆ ಉಸಿರಾಡುವವರು. ಇಂದು ತೋಳು ಕೂಡಿಸುವ ಪಾಠವಿತ್ತು. ಮಸುಕು ಚಿತ್ರದಲ್ಲಿ ಸೂಜಿಯ ತುದಿ ಹೇಗೆ ಕಾಣುತ್ತದೋ ಅವರಿಗೆ.

ಮನೆಗೆ ಬಂದ ಮೇಲೆ ಫೋನ್ ನೋಡಿದೆ. ಅಕ್ಕನ ಧ್ವನಿ ಸಂದೇಶ, ಈ ವಾರದ ನಾಲ್ಕನೆಯದು. “ಏ ಪುಟ್ಟಿ, ಬದುಕಿದ್ದೀಯಾ? ಮಾತಾಡೋದು ಬೇಡ ಬಿಡು, ಒಂದು ‘ಹೂಂ’ ಕಳಿಸು ಸಾಕು. ನಿಮ್ಮ ಭಾವ ಹೇಳ್ತಾರೆ, ಲೋಕ ಉದ್ಧಾರ ಮಾಡೋರಿಗೆ ಮನೆಯೋರ ನಂಬರ್ ಮರ್ತುಹೋಗುತ್ತಂತೆ.”

ನಾನು ಮನೆ ಬಿಟ್ಟ ದಿನ ಅಪ್ಪನ ಎದುರು ನನ್ನ ಪರ ಒಂದು ಮಾತೂ ಆಡದೆ ಪಾತ್ರೆ ತೊಳೆಯುತ್ತ ನಿಂತವಳು ಅವಳು. ನಾನು ಹೊಸ್ತಿಲು ದಾಟುವಾಗಲೂ ನಲ್ಲಿ ನಿಲ್ಲಿಸಲಿಲ್ಲ. ಹೂಂ ಕಳಿಸುವುದಿಲ್ಲ.

ಮಾರ್ಚ್ ೧೮, ಮಂಗಳವಾರ

ಇಂದು ಲಿಫ್ಟ್ ಕೆಟ್ಟಿತ್ತು. ಎರಡನೇ ಮಹಡಿಯ ಮೇಲಿನ ಮೆಟ್ಟಿಲ ತಿರುವಿನಲ್ಲಿ ನೆಲ ಒರೆಸುವ ಚಿಕ್ಕಮ್ಮ ಕೂತಿದ್ದರು. ಕಚೇರಿಯಲ್ಲಿ ಎಲ್ಲರಿಗೂ ಅವರು ಚಿಕ್ಕಮ್ಮನೇ, ನಿಜವಾದ ಹೆಸರು ಯಾರಿಗೂ ಗೊತ್ತಿದ್ದಂತಿಲ್ಲ. ಬಕೆಟ್ ಪಕ್ಕಕ್ಕೆ ಸರಿಸಿ, ಫೋನನ್ನು ಮೊಣಕಾಲಿಗೆ ಒರಗಿಸಿ ಕುಸ್ತಿ ನೋಡುತ್ತಿದ್ದರು. ಹೌದು, ಕುಸ್ತಿ. ಅದೂ ನಮ್ಮದೇ ಚಾನೆಲ್ಲಿನದು.

“ಚಿಕ್ಕಮ್ಮ, ಇದರಿಂದ ಏನು ಸಿಗುತ್ತೆ ನಿಮಗೆ? ಜನರನ್ನ ಮಲಗಿಸಿಡೋಕೆ ಮಾಡಿರೋ ಸರಕು ಇದು.”

“ಮಲಗೋಕೆ ಎಲ್ಲಮ್ಮ ಪುರುಸೊತ್ತು?” ಎಂದರು ಕಣ್ಣೆತ್ತದೆ. “ನೀನು ಸ್ವಲ್ಪ ಆಚೆ ನಿಲ್ಲು. ಕೆಂಪು ಚಡ್ಡಿಯೋನು ಈಗ ಎತ್ತಿ ಒಗೀತಾನೆ.”

ಮೂವತ್ತೊಂದರ ವಿಷಯವನ್ನು ಅವರಿಗೆ ಹೇಳಬೇಕೆಂದಿದ್ದೆ. ಶ್ರಮಿಕರೊಡನೆ ಮಾತಾಡಬೇಕು ಎಂದು ನನ್ನ ಬ್ಯಾಗಿನ ಹನ್ನೆರಡನೇ ಕಿರುಹೊತ್ತಗೆಯಲ್ಲಿ ಇದೆ. ಆದರೆ ಕುಸ್ತಿ! ಎಲ್ಲಿ ನನ್ನ ನಾಲ್ಕು ಗಂಟೆಯವರು, ಎಲ್ಲಿ ಇವರು.

ಮಾರ್ಚ್ ೨೦, ಗುರುವಾರ

ಸೋಮವಾರದ ಸಭೆಗೆ ನಾನೇ ಒಂದು ಹೊತ್ತಗೆ ಬರೆದಿದ್ದೇನೆ. ಎಂಟು ಪುಟ. ಶೀರ್ಷಿಕೆ: “ಒಬ್ಬರು ಸಾಕು.” ಮೊದಲ ಸಾಲು: “ಸಂಜೆ ನಾಲ್ಕಕ್ಕೆ, ಎಲ್ಲೋ ಒಂದು ಕಿಟಕಿಯ ಪಕ್ಕ, ಒಬ್ಬರು ಕಲಿಯುತ್ತಿದ್ದಾರೆ.” ಬರೆಯುವಾಗ ಕಣ್ಣು ಮಂಜಾಯಿತು. ನನ್ನ ಬರವಣಿಗೆಯಿಂದ ನನಗೇ ಹೀಗಾದರೆ ಮೀಟರ್ ಗತಿಯೇನು!

ಹತ್ತು ಪ್ರತಿ ಮಾಡಿಸಿದೆ.

ಮಾರ್ಚ್ ೨೪, ಸೋಮವಾರ

ಬರೆಯಬೇಕೆಂದು ಕೂತಿದ್ದೇನೆ. ಬರೆಯುತ್ತೇನೆ. ಹೇಡಿಯಲ್ಲ ನಾನು.

ಎಂಟೂ ಪುಟ ಓದಿದೆ. ಯಾರೂ ನಡುವೆ ಬಾಯಿ ಹಾಕಲಿಲ್ಲ. ಮೀಟರ್ ಕೂಡ ಗೋಡೆ ನೋಡುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಗೆದ್ದೆ ಎಂದುಕೊಂಡೆ.

ಆಗ ಮೂಲೆಯಲ್ಲಿದ್ದ ವೈರಣ್ಣ ಕೆಮ್ಮಿದರು. ಯಂತ್ರ, ತಂತಿ, ಪ್ಲಗ್ಗು ನೋಡಿಕೊಳ್ಳುವವರು, ಈ ಕಚೇರಿಗಿಂತ ಹಳಬರು.

“ನಾಲ್ಕು ಗಂಟೆ ಅಂದ್ಯಾ ತಾಯಿ? ಸರಿಯಾಗಿ ನಾಲ್ಕಾ?”

“ಸರಿಯಾಗಿ ನಾಲ್ಕು. ಒಂದು ಸೆಕೆಂಡು ಆಚೀಚೆ ಇಲ್ಲ.”

“ಹೊಲಿಗೆ ಪಾಠ?”

“ಹೌದು.”

“ಅಯ್ಯೋ ದೇವರೇ,” ಎಂದು ಎದ್ದು ಹೋಗಿ ಗೋಡೆಯ ಕಪಾಟಿನ ಬೀಗ ತೆಗೆದರು. ಹಳೆಯ ಮೋಡೆಮ್ಮುಗಳ ನಡುವೆ, ಚಾರ್ಜರಿಗೆ ಸಿಕ್ಕಿಸಿದ ಒಂದು ಫೋನು, ಗಾಜು ಒಡೆದದ್ದು. “ಕೆಳಮೆಟ್ಟಿಲು ಜೀವಂತ ಇದೆಯಾ ಅಂತ ನೋಡೋಕೆ ಮೂರು ವರ್ಷದ ಹಿಂದೆ ನಾನೇ ಇಟ್ಟಿದ್ದು. ಬೇಕಂತಲೇ ಅದರ ವೇಗ ಕಟ್ಟಿಹಾಕಿದೀನಿ. ದಿನಾ ನಾಲ್ಕಕ್ಕೆ ತಾನೇ ಶುರುವಾಗಿ ಇಪ್ಪತ್ತು ನಿಮಿಷ ಓಡುತ್ತೆ. ಆಗ ನಮ್ಮ ಹತ್ರ ಇದ್ದಿದ್ದು ಅದೊಂದೇ ಚಾನೆಲ್ ನೋಡು. ನಾನೂ ಮರ್ತೇಬಿಟ್ಟಿದ್ದೆ.”

ಗಂಟೆ ನಾಲ್ಕಾಗಲು ಮೂರು ನಿಮಿಷವಿತ್ತು. ಯಾರೋ ಹೇಳಿದರು, ಇರಿ ಇರಿ, ಕಾಯೋಣ ಎಂದು. ಕಾದರು. ಸರಿಯಾಗಿ ನಾಲ್ಕಕ್ಕೆ ಕಪಾಟಿನೊಳಗೆ ಬೆಳಕು ಹತ್ತಿತು. ಮಸುಕು ಕೈಯೊಂದು ಮಸುಕು ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯಿತು. ಇಡೀ ಕೋಣೆ ನಕ್ಕಿತು. ಅವರ ಮೇಲೆ ಸಿಟ್ಟಿಲ್ಲ. ನಾನಾಗಿದ್ದರೂ ನಗುತ್ತಿದ್ದೆ.

ಮೀಟರ್ ಒಬ್ಬರೇ ನಗಲಿಲ್ಲ. “ಕುತ್ಕೋ,” ಎಂದರು. “ಚೆನ್ನಾಗಿ ಬರ್ದಿದ್ದೀಯ.” ಅದು ಎಲ್ಲಕ್ಕಿಂತ ಕೆಟ್ಟದಾಗಿತ್ತು.

ಮಾರ್ಚ್ ೨೫, ಮಂಗಳವಾರ

ಏನೂ ಇಲ್ಲ.

ನಾಲ್ಕಕ್ಕೆ ಚಹಾ ತಂದೆ. ಬೀಟ್ ಬಂತು. ಲೋಟ ಹಾಗೇ ಬಿಟ್ಟು ಎದ್ದೆ.

ಅಕ್ಕನ ಹೊಸ ಸಂದೇಶ ಕೇಳಲಿಲ್ಲ. ‘ಹೂಂ’ ಎಂದು ಕಳಿಸಿದೆ. ಒಂದು ನಿಮಿಷವೂ ಆಗಿರಲಿಲ್ಲ, ಫೋನ್ ಬಂತು.

“ಹೂಂ ಅಂತೆ ಹೂಂ! ಇಪ್ಪತ್ತು ದಿನದಿಂದ ಎಲ್ಲಿ ಸತ್ತಿದ್ದೆ?” ಎಂದು ಶುರುಮಾಡಿ ಅರ್ಧ ಗಂಟೆ ಬೈದಳು. ಹಿಂದೆ ನಲ್ಲಿಯ ಸದ್ದು. ಪಾತ್ರೆ ತೊಳೆಯುತ್ತಿದ್ದಳು. “ಏನೇ ಈ ಮೌನ? ಜ್ವರಾನಾ?” ಇಲ್ಲ ಎಂದೆ. ಕಪಾಟಿನ ಫೋನಿನ ಕಥೆ ಹೇಳಿದೆ. ನಗುತ್ತಾಳೆ ಎಂದುಕೊಂಡೆ. ನಲ್ಲಿ ನಿಂತಿತು.

“ಪಾಪ,” ಎಂದಳು. “ಮೂರು ವರ್ಷ ಒಂದೇ ಸಮ ಕರೀತಾ ಇತ್ತಲ್ಲೇ ಅದು.”

ಮಾರ್ಚ್ ೨೭, ಗುರುವಾರ

ಊಟದ ಹೊತ್ತಿನಲ್ಲಿ ಎಲ್ಲರ ನಡುವೆ ಕೂರಲು ಆಗುತ್ತಿಲ್ಲ. “ನಾಲ್ಕು ಗಂಟೆ ಆಯ್ತು ಕ್ರಾಂತಿ, ನಿನ್ನ ನೆಂಟರು ಬಂದ್ರು” ಎಂಬ ಒಂದೇ ಜೋಕು. ಡಬ್ಬಿ ಹಿಡಿದು ಮೆಟ್ಟಿಲ ತಿರುವಿಗೆ ಹೋದೆ. ಚಿಕ್ಕಮ್ಮ ಬಕೆಟ್ ಸರಿಸಿ ಜಾಗ ಕೊಟ್ಟರು. ಕುಸ್ತಿ ನಡೆಯುತ್ತಿತ್ತು.

ಹತ್ತಿರದಿಂದ ನೋಡಿದೆ. ಪರದೆಯ ಮೇಲೆ ಒಂದು ಕಂದು ಚೌಕ, ಇನ್ನೊಂದು ಕಂದು ಚೌಕ. ಒಂದರ ನಡುವೆ ಕೆಂಪು, ಇನ್ನೊಂದರ ನಡುವೆ ನೀಲಿ.

“ಚಿಕ್ಕಮ್ಮ, ಇದರಲ್ಲಿ ಯಾರು ಗೆದ್ರು ಅಂತ ಹೇಗೆ ಗೊತ್ತಾಗುತ್ತೆ?”

“ಕಿರುಚಾಟದಲ್ಲಿ ಗೊತ್ತಾಗುತ್ತಲ್ಲ. ನಮ್ಮೋನು ಬಿದ್ರೆ ಜನ ‘ಆ’ ಅಂತಾರೆ, ಎದ್ರೆ ‘ಹೋ’ ಅಂತಾರೆ.”

“ಮೇಲೆ ಆಫೀಸಿನ ವೈಫೈ ಹಾಕ್ಕೊಂಡ್ರೆ ಚೆನ್ನಾಗಿ ಕಾಣುತ್ತೆ.”

“ಅದರ ಪಾಸ್‌ವರ್ಡ್ ನನಗೆಲ್ಲಿ ಕೊಟ್ಟಿದಾರೆ?”

“ಕೇಳ್ಲಿಲ್ವಾ?”

“ಏಳು ವರ್ಷದಿಂದ ಇದೀನಿ. ಕೇಳೋದು ಯಾರನ್ನ, ನಿನ್ನನ್ನಾ?” ಮಾತಿನಲ್ಲಿ ಕೊಂಕಿರಲಿಲ್ಲ. ನಿಜವಾಗಿಯೇ ಕೇಳಿದರು.

ಮೂವತ್ತೈದು ನಿಮಿಷದ ಕುಸ್ತಿ ಪೂರ್ತಿ ನೋಡಿದೆವು. ಕೆಂಪು ಚಡ್ಡಿಯವನು ಸೋತ. ಚಿಕ್ಕಮ್ಮ ಅವನ ಇಡೀ ವಂಶವನ್ನು ಬೈದು ಬಕೆಟ್ ಎತ್ತಿಕೊಂಡರು. ಹೋಗುವಾಗ ಕೈಯಲ್ಲೊಂದು ಕಿತ್ತಳೆ ಇಟ್ಟರು. “ಮುಖ ಯಾಕೆ ಹಿಂಗಿದೆ, ತಿನ್ನು.”

ಅರ್ಧ ಕಿತ್ತಳೆ ಮುಗಿದಿರಬೇಕು, ಆಗ ಹೊಳೆಯಿತು. ಮೂವತ್ತೈದು ನಿಮಿಷ ಕೆಳಮೆಟ್ಟಿಲಿನಲ್ಲೇ ಇದ್ದರಲ್ಲ ಇವರು? ದಿನವೂ ಇರುತ್ತಾರಲ್ಲ? ಹಾಗಿದ್ದರೆ ನನ್ನ ಲೆಕ್ಕದಲ್ಲಿ ಒಬ್ಬರೇ ಯಾಕೆ?

ಓಡಿ ಹೋಗಿ ಇಂದಿನ ಬೀಟ್ ತೆಗೆದೆ. ಆ ಹೊತ್ತಿಗೆ, ಆ ಚಾನೆಲ್ಲಿಗೆ, ಕೆಳಮೆಟ್ಟಿಲಿನಲ್ಲಿ ಸೊನ್ನೆ. ಚಿಕ್ಕಮ್ಮ ಇರಲೇ ಇಲ್ಲ.

ವೈರಣ್ಣನನ್ನು ಕೇಳಿದೆ. ಇಂದು ಅವರು ತಮಾಷೆ ಮಾಡಲಿಲ್ಲ, ಕನ್ನಡಕ ಹಾಕಿಕೊಂಡರು. “ಹಳೇ ಫೋನಿನ ಪ್ಲೇಯರ್ರಾ? ಅದಕ್ಕೆ ವಿಡಿಯೊ ಮೊದಲು, ಬೀಟ್ ಆಮೇಲೆ ಅಂತ ಹೇಳಿಕೊಟ್ಟಿರ್ತಾರೆ. ದಾರಿ ತೀರಾ ಕಿರಿದಾದ್ರೆ ಬೀಟ್ ಎಸೆದುಬಿಡುತ್ತೆ. ಕಪಾಟಿನ ಫೋನಲ್ಲಿ ಬೀಟ್ ಹೋಗ್ಲೇಬೇಕು ಅಂತ ನಾನೇ ಬೇರೆ ದಾರಿ ಕೊಟ್ಟಿದ್ದೆ.” ಕನ್ನಡಕ ತೆಗೆದು ಹೇಳಿದರು: “ಅಂದ್ರೆ ನಿಜವಾಗಿ ಕಷ್ಟದಲ್ಲಿರೋರು ನಮಗೆ ಕಾಣೋದೇ ಇಲ್ಲ ಅಂತಾಯ್ತು.”

ಮಾರ್ಚ್ ೨೮, ಶುಕ್ರವಾರ

ಹೊತ್ತಗೆ ಬರೆಯಲಿಲ್ಲ. ಮೀಟರ್ ಮೇಜಿನ ಮುಂದೆ ನಿಂತು ಹೇಳಿದೆ. ಅವರು ಗೋಡೆ ನೋಡಿದರು. ಗೋಡೆಯಲ್ಲಿ ಏನೂ ಇರಲಿಲ್ಲ.

“ಸರಿ, ಚಿಕ್ಕಮ್ಮ ಒಬ್ರು.”

“ಒಬ್ರೇ ಅಂತ ನಿಮಗೆ ಹೇಗೆ ಗೊತ್ತು ಸಾರ್?”

“ಇನ್ನೂ ಇದಾರೆ ಅಂತ ನಿಂಗೆ ಹೇಗೆ ಗೊತ್ತು?”

ಅವರು ಗೋಡೆಗೆ ಬೆನ್ನು ಹಾಕಿ ಕೂತರು.

“ನೋಡು, ಆದೇಶ ಮೇಲಿಂದ ಬಂದಾಗಿದೆ. ಮೂವತ್ತೊಂದಕ್ಕೆ ತೆಗೀಲೇಬೇಕು,” ಎಂದರು ಕೊನೆಗೆ. “ತೆಗೆದ ಫೈಲುಗಳನ್ನ ಹದಿನೈದು ದಿನ ಅಳಿಸಲ್ಲ. ಅಷ್ಟರಲ್ಲಿ ಹತ್ತು ಜನ ತೋರಿಸು. ಯಂತ್ರ ಅಲ್ಲ, ಮನುಷ್ಯರು. ನಾನೇ ಮೇಲೆ ಹೋಗಿ ಮಾತಾಡ್ತೀನಿ.”

ಕಾಣದವರನ್ನು ಎಲ್ಲಿಂದ ತರಲಿ?

ಕೈಪಿಡಿಯಲ್ಲಿ ಬೀಟ್ ಪದಕ್ಕೆ ಒಂದು ಸಾಲು ಸೇರಿಸಿದೆ: “ಬೀಟ್ ಬರಲಿಲ್ಲ ಎಂದರೆ ನೋಡುವವರು ಇಲ್ಲ ಎಂದು ಅರ್ಥವಲ್ಲ.” ಮೀಟರ್ ಗೀಟು ಹಾಕಲಿಲ್ಲ.

ಮಾರ್ಚ್ ೩೧, ಸೋಮವಾರ

ಮಧ್ಯಾಹ್ನ ಒಂದೂವರೆಗೆ ಕೆಳಮೆಟ್ಟಿಲು ಹೋಯಿತು. ಆಗ ನಾನು ಕೋಣೆಯಲ್ಲಿರಲಿಲ್ಲ, ತಿರುವಿನಲ್ಲಿದ್ದೆ. ಕೆಂಪು ಚಡ್ಡಿಯವನ ಮರುಪಂದ್ಯ. ಚೌಕಗಳು ಒಂದನ್ನೊಂದು ಹಿಡಿದುಕೊಂಡಿದ್ದವು. ಹಾಗೇ ನಿಂತವು. ಚಕ್ರ ಸುತ್ತತೊಡಗಿತು.

ಚಿಕ್ಕಮ್ಮ ಫೋನನ್ನು ಅಂಗೈಗೆ ಬಡಿದರು. ಆರಿಸಿ ಹಚ್ಚಿದರು. ಸೆರಗಿನಿಂದ ಒರೆಸಿದರು.

“ಹಾಳಾಗಿಹೋಯ್ತು ನನ್ನ ಫೋನು,” ಎಂದರು.

ಅವರ ಫೋನು ಹಾಳಾಗಿಲ್ಲ ಎಂದು ಹೇಳಬೇಕಿತ್ತು. ಅದರ ಬದಲು ನನ್ನ ಫೋನು ಕೊಟ್ಟೆ. ತಿರುವಿಗೆ ವೈಫೈ ಬರುವುದಿಲ್ಲ, ಹತ್ತು ಮೆಟ್ಟಿಲು ಮೇಲೆ ಹೋಗಿ ಕೂರಬೇಕು ಎಂದೆ. “ಅಲ್ಲಿ ಸಾಹೇಬ್ರು ಓಡಾಡ್ತಾರೆ, ಬೇಡ,” ಎಂದರು. ಆಮೇಲೆ: “ನೀನೇ ಹೋಗಿ ನೋಡ್ಕೊಂಡು ಬಂದು ಹೇಳು.”

ನಾನು ಹತ್ತಿದೆ, ಇಳಿದೆ, ಹತ್ತಿದೆ, ಇಳಿದೆ. “ಕೆಂಪು ಮೇಲಿದೆ.” “ನೀಲಿ ಕಾಲು ಹಿಡ್ಕೊಂಡಿದೆ.” “ಕೆಂಪು ಎತ್ತಿತು, ಎತ್ತಿತು!” ಕೊನೆಯ ಸಲ ಎರಡೆರಡು ಮೆಟ್ಟಿಲು ಹಾರಿ ಬಂದೆ. ಚಿಕ್ಕಮ್ಮ ಬಾಯಿಗೆ ಸೆರಗು ಒತ್ತಿಕೊಂಡು ‘ಹೋ’ ಎಂದರು, ಯಾರಿಗೂ ಕೇಳದ ಹಾಗೆ.

ಮೊಣಕಾಲು ಈಗಲೂ ನೋಯುತ್ತಿದೆ.

ಏಪ್ರಿಲ್ ೨, ಬುಧವಾರ

ಫೋನು ಕೆಟ್ಟಿಲ್ಲ ಎಂದು ಎಷ್ಟು ಹೇಳಿದರೂ ಚಿಕ್ಕಮ್ಮ ಒಪ್ಪಲಿಲ್ಲ. “ನಿಮ್ಮ ಆಫೀಸಲ್ಲಿ ಏನೋ ಕಿತ್ತರೆ ನನ್ನ ಫೋನಲ್ಲಿ ಹೆಂಗಮ್ಮ ನಿಲ್ಲುತ್ತೆ? ರಿಪೇರಿಯೋನ ಹತ್ರ ತೋರಿಸ್ತೀನಿ.” ಕೆಲಸ ಮುಗಿಸಿ ಜೊತೆಗೆ ಹೋದೆ.

ಬಸ್ ನಿಲ್ದಾಣದ ಹಿಂದಿನ ಗಲ್ಲಿ. ಒಂದು ಮೇಜಿನಷ್ಟೇ ಅಗಲದ ಅಂಗಡಿ, ಮುಂದೊಂದು ಬೆಂಚು. ಬೆಂಚಿನ ಮೇಲೆ ಕಾವಲುಗಾರನೊಬ್ಬ, ಇಸ್ತ್ರಿ ಅಂಗಡಿಯ ಗಂಡಹೆಂಡತಿ, ಶಾಲಾ ಚೀಲ ಹೊತ್ತ ಮೊಮ್ಮಗಳ ಜೊತೆ ಒಬ್ಬ ಅಜ್ಜ. ರಿಪೇರಿಯವನು ಚಿಕ್ಕಮ್ಮನ ಫೋನು ಕೈಗೆ ತೆಗೆದುಕೊಳ್ಳಲೂ ಇಲ್ಲ.

“ವಿಡಿಯೊ ಸುತ್ತುತ್ತಾನೇ ಇದೆ, ಬರ್ತಾ ಇಲ್ಲ, ಅಷ್ಟೇ ತಾನೆ?” ಎಂದ. “ನಿನ್ನೆಯಿಂದ ಇದೇ ಗೋಳು. ಎಂಟು ಜನ ಬಂದ್ರು, ಇವತ್ತು ಇಷ್ಟು ಜನ. ಎಲ್ಲಾ ಬಿಚ್ಚಿ ನೋಡ್ದೆ. ಒಂದರಲ್ಲೂ ಏನೂ ಕೆಟ್ಟಿಲ್ಲ. ನನಗೇ ತಲೆ ಕೆಟ್ಟಿದೆ.”

ಅಜ್ಜ ಕೇಳಿದರು: “ನಂದು ಬಿದ್ದಿತ್ತು ಕಣಪ್ಪ ಹೋದ ವಾರ. ಅದಕ್ಕೇ ಇರ್ಬೇಕು.”

“ನಮ್ಮದಕ್ಕೆ ನೀರು ಚೆಲ್ಲಿದ್ದು ನಾನೇ,” ಎಂದಳು ಇಸ್ತ್ರಿಯವನ ಹೆಂಡತಿ ಗಂಡನ ಕಡೆ ನೋಡದೆ. “ಅಂದ್ರೆ, ಕೈ ತಪ್ಪಿ.”

ನಾನು ಅಂಗಡಿಯ ಮುಂದೆ ನಿಂತೇ ಹೇಳಿದೆ. ಭಾಷಣ ಮಾಡಲಿಲ್ಲ ಎಂದುಕೊಳ್ಳುತ್ತೇನೆ. ನಿಮ್ಮ ಫೋನು ಕೆಟ್ಟಿಲ್ಲ, ನಾವು ತೆಗೆದುಬಿಟ್ಟೆವು, ನೀವು ಇದ್ದೀರಿ ಎಂದು ನಮಗೆ ಗೊತ್ತಿರಲಿಲ್ಲ.

“ನಾವಾ?” ಎಂದ ಕಾವಲುಗಾರ. “ನಾವು ಎಲ್ಲಿ ಹೋಗ್ತೀವಿ? ನಿಮ್ಮ ಆಫೀಸಿನ ಎದುರು ಗೇಟಲ್ಲೇ ಇರ್ತೀನಲ್ಲ ನಾನು, ಬೆಳಿಗ್ಗೆ ಪಾಳಿ ಬಿಡೋವಾಗ ನಿನ್ನ ದಿನಾ ನೋಡ್ತೀನಿ.”

ಬ್ಯಾಗಿನಲ್ಲಿ “ಒಬ್ಬರು ಸಾಕು” ಪ್ರತಿಗಳಿದ್ದವು. ಹಿಂಬದಿ ಖಾಲಿ. ಬೆಂಚಿನ ತುದಿಯಲ್ಲಿ ಕೂತು ಬರೆದುಕೊಂಡೆ. ಕಾವಲುಗಾರ: ರಾತ್ರಿ ಪಾಳಿ ಮುಗಿಸಿ ಹಳೆಯ ಹಾಡು ಕೇಳುತ್ತಾರೆ, ಚಿತ್ರ ಬೇಕಿಲ್ಲ, ನಿಲ್ಲದಿದ್ದರೆ ಸಾಕು. ಅಜ್ಜ: ಮೊಮ್ಮಗಳ ಲೆಕ್ಕದ ಪಾಠ, ತಾವೂ ಕಲಿಯುತ್ತಿದ್ದಾರೆ, ಅದನ್ನು ಅವಳಿಗೆ ಹೇಳಿಲ್ಲ. ಇಸ್ತ್ರಿಯವರು: ಸಂಜೆ ಒಂದು ಧಾರಾವಾಹಿ, ನಿನ್ನೆ ಅದರಲ್ಲಿ ಯಾರೋ ಸಾಯುವುದಿತ್ತಂತೆ, ಸತ್ತರೋ ಇಲ್ಲವೋ ಗೊತ್ತಾಗಲಿಲ್ಲ. ನಿನ್ನೆಯ ಎಂಟು ಜನರ ಹೆಸರು ಬರೆದಿದ್ದ ಚೀಟಿಗಳನ್ನು ರಿಪೇರಿಯವನೇ ಮೊಳೆಯಿಂದ ತೆಗೆದುಕೊಟ್ಟ. ಚಿಕ್ಕಮ್ಮನ ನಿಜವಾದ ಹೆಸರನ್ನೂ ಬರೆದುಕೊಂಡೆ. ಮೊದಲು ಎರಡು ಸಲ ತಪ್ಪು ಬರೆದೆ, ಅವರೇ ಅಕ್ಷರ ಹೇಳಿ ತಿದ್ದಿಸಿದರು.

ಹತ್ತು ಯಾವಾಗ ದಾಟಿತೋ ನೋಡಲಿಲ್ಲ.

ನಡುವೆ ಅಕ್ಕ ಫೋನ್ ಮಾಡಿದಳು. ಆಮೇಲೆ ಮಾಡ್ತೀನಿ, ಜನ ಇದಾರೆ ಎಂದೆ. “ಯಾವ ಜನ?” ಎಂದಳು. “ಇಲ್ಲಿಯವರು,” ಎಂದೆ.

ಬೀದಿದೀಪ ಹತ್ತುವ ಹೊತ್ತಿಗೆ ಗಲ್ಲಿಯ ತಿರುವಿನಿಂದ ಹೆಂಗಸೊಬ್ಬಳು ಫೋನನ್ನು ಅಂಗೈಗೆ ಬಡಿಯುತ್ತ ಬಂದಳು. ಬೆಂಚು ತುಂಬಿದ್ದನ್ನು ಕಂಡು ಹಿಂದೆಗೆದಳು.

ನಾವೆಲ್ಲ ಒಂದೊಂದು ಗೇಣು ಸರಿದು ಕೂತೆವು.